ಅರಮನೆ ಇಂದು ಮುಚ್ಚಿದೆ ಎನ್ನುವವರನ್ನು ನಂಬಬೇಡಿ

ಮೈಸೂರಿಗೆ ಬರುವ ವಿದೇಶಿ ಅತಿಥಿಗಳಿಗೆ ಊರು ತೋರಿಸುವ ಯೋಚನೆಯಲ್ಲಿರುವವರು, ಅರಮನೆಯ ಆಸುಪಾಸಿನಲ್ಲಿ ಬಹಳ ಕಾಲದಿಂದ ನಡೆದುಕೊಂಡು ಬಂದಿರುವ ಒಂದು ವಂಚನೆಯ ಬಗ್ಗೆ ಮೊದಲೇ ತಿಳಿದಿರುವುದು ಒಳ್ಳೆಯದು. ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಸಹೋದ್ಯೋಗಿಯೊಬ್ಬರು ಈಚೆಗೆ ಪತ್ನಿಯೊಡನೆ ಇಲ್ಲಿಗೆ ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಅರಮನೆಯ ವರಾಹ ದ್ವಾರದ ಬಳಿ ನನ್ನನ್ನು ಕಾಣುವುದೆಂದು ಮಾತಾಗಿತ್ತು. ಅವರು ಬಂದದ್ದು ಮಧ್ಯಾಹ್ನ, ಕೈಯಲ್ಲಿ ಎರಡು ಚೀಲಗಳನ್ನು ಹಿಡಿದುಕೊಂಡು.

ದ್ವಾರ ಇನ್ನೂ ಸ್ವಲ್ಪ ದೂರವಿರುವಾಗಲೇ ಸಭ್ಯ ಉಡುಪಿನ, ಒಳ್ಳೆಯ ಇಂಗ್ಲಿಷ್ ಮಾತನಾಡುವ ವ್ಯಕ್ತಿಯೊಬ್ಬ ಅವರನ್ನು ತಡೆದು, ರಾಜಮನೆತನದ ಪೂಜೆಯಿರುವುದರಿಂದ ಅರಮನೆ ಹನ್ನೆರಡೂವರೆಯವರೆಗೆ ಮುಚ್ಚಿದೆಯೆಂದೂ, ಅದೃಷ್ಟಕ್ಕೆ ಅಂದೇ ಹಳ್ಳಿಯ ಕುಶಲಕರ್ಮಿಗಳ ವಿಶೇಷ ಸಂತೆಯಿದೆಯೆಂದೂ ಹೇಳಿದನಂತೆ. ಅಲ್ಲೇ ನಿಂತಿದ್ದ ಆಟೋ ಇಪ್ಪತ್ತು ರೂಪಾಯಿಗೆ ಊರು ಸುತ್ತಿಸಲು ಸಿದ್ಧವಾಗಿತ್ತು. ಇಪ್ಪತ್ತು ರೂಪಾಯಿಗೆ ಮೈಸೂರಿನಲ್ಲಿ ಯಾವ ಆಟೋ ಎಷ್ಟು ದೂರ ಹೋಗುತ್ತದೆಂಬುದು ನಮಗೆ ಗೊತ್ತು. ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ.

ಈ ಸುಳ್ಳು ಫಲಿಸುವುದಕ್ಕೆ ಕಾರಣ, ಅದರೊಳಗೆ ಸ್ವಲ್ಪ ನಿಜವೂ ಇರುವುದು. ಸಾಮಾನ್ಯ ದಿನಗಳಲ್ಲಿ ಅರಮನೆ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಆದರೆ ನವರಾತ್ರಿಯಲ್ಲಿ ಖಾಸಗಿ ದರ್ಬಾರು, ಆಯುಧಪೂಜೆ ಮುಂತಾದ ಸಂದರ್ಭಗಳಲ್ಲಿ ಪ್ರವಾಸಿಗರ ಪ್ರವೇಶಕ್ಕೆ ನಿರ್ಬಂಧವಿರುವುದೂ ನಿಜವೇ. ದಸರೆಯ ವಿಷಯವನ್ನು ಎಲ್ಲೋ ಓದಿಕೊಂಡು ಬಂದ ಅತಿಥಿಗೆ ಪೂಜೆಯ ಮಾತು ಕೇಳಿದೊಡನೆ ನಂಬಿಕೆ ಬರುತ್ತದೆ. ಅದು ಆಶ್ವಯುಜದ ಮಾತೋ ಫಾಲ್ಗುಣದ ಮಾತೋ ಎಂದು ಅವರು ಹೇಗೆ ತಾನೆ ಬಲ್ಲರು?

ಆಟೋ ಅವರನ್ನು ಮೊದಲು ಅಗರಬತ್ತಿ ಹೊಸೆಯುವ ಮನೆಯೊಂದಕ್ಕೆ ಕರೆದೊಯ್ದಿತು. ಅಲ್ಲಿ ಯಾರೂ ಏನನ್ನೂ ಮಾರಲಿಲ್ಲ, ಹಣವನ್ನೂ ಕೇಳಲಿಲ್ಲ. ನನಗೆ ತಿಳಿದ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಜಾಣತನದ ಹೆಜ್ಜೆ ಇದೇ. ಮನಸ್ಸಿನ ಸಂಶಯವೆಲ್ಲ ಅಲ್ಲಿ ಕರಗಿದ ಮೇಲೆ, ಪಕ್ಕದ ಬೀದಿಯ ಸುಗಂಧ ತೈಲದ ಅಂಗಡಿಯಲ್ಲಿ ಚಹಾ ಕೊಟ್ಟು ಕೂರಿಸಿದರು. ಮುಂಗೈಗೆ ಮಲ್ಲಿಗೆ ಎಣ್ಣೆ, ಕಮಲದ ಎಣ್ಣೆ, ಶ್ರೀಗಂಧದ ಎಣ್ಣೆ ಎಂದು ಒಂದೊಂದನ್ನೇ ಹಚ್ಚಿದರು. ಕಾಗದದ ಮೇಲೆ ಒಂದು ಹನಿ ಬಿಟ್ಟು, ಜಿಡ್ಡಿನ ಕಲೆ ಉಳಿಯದಿರುವುದೇ ಶುದ್ಧತೆಗೆ ಸಾಕ್ಷಿಯೆಂದು ತೋರಿಸಿದರು. ಈ ಪರೀಕ್ಷೆಯಿಂದ ತಿಳಿಯುವುದು ಅಡುಗೆ ಎಣ್ಣೆಯಂಥದ್ದನ್ನು ಬೆರೆಸಿಲ್ಲ ಎಂಬುದಷ್ಟೇ. ಕೃತಕ ಸುಗಂಧ ರಾಸಾಯನಿಕಗಳೂ ಹಾಗೆಯೇ ಕಲೆಯಿಲ್ಲದೆ ಆರಿಹೋಗುತ್ತವೆ. ಇನ್ನು ಮಲ್ಲಿಗೆಯ ನಿಜವಾದ ಸುಗಂಧಸಾರವನ್ನು ದ್ರಾವಕಗಳ ಸಹಾಯದಿಂದ ತೆಗೆಯಬೇಕಾಗುತ್ತದೆ. ರಾಶಿ ಹೂವಿನಿಂದ ಸಿಗುವುದು ಅತ್ಯಲ್ಪವಾದ್ದರಿಂದ ಅದು ಬಲು ದುಬಾರಿ. ಶ್ರೀಗಂಧದ ಎಣ್ಣೆಯೂ ಹಾಗೆಯೇ: ದಶಕಗಳ ಕಾಲ ಬೆಳೆದ ಮರದ ಚೇಗು ಮತ್ತು ಬೇರಿನಿಂದ ಬಟ್ಟಿ ಇಳಿಸಿದ ಎಣ್ಣೆಗೆ ಕಿಲೋಗೆ ಲಕ್ಷಕ್ಕೂ ಮೀರಿದ ಬೆಲೆಯಿರುವಾಗ, ಚೌಕಾಸಿ ಮಾಡಿದಷ್ಟೂ ಅದು ಇಳಿಯುತ್ತ ಹೋಗುವುದು ಸಾಧ್ಯವಿಲ್ಲ. ನಮ್ಮ ಅತಿಥಿಗಳು ಆರು ಸೀಸೆಗಳಿಗೆ ಹದಿನಾಲ್ಕು ಸಾವಿರ ರೂಪಾಯಿ ತೆತ್ತಿದ್ದರು.

ಎರಡನೆಯ ಚೀಲದಲ್ಲಿದ್ದದ್ದು 'ಸರ್ಕಾರದಿಂದ ಅಂಗೀಕೃತ' ಎಂದು ಫಲಕ ಹಾಕಿಕೊಂಡಿದ್ದ ಖಾಸಗಿ ಮಳಿಗೆಯ ರೇಷ್ಮೆ ಶಾಲು. ಇಂಥ ಫಲಕಗಳಿಗೆ ಬೆಲೆ ಕೊಡಬೇಕಾಗಿಲ್ಲ. ಸರ್ಕಾರದ್ದೇ ಆದ ರೇಷ್ಮೆ ಕಾರ್ಖಾನೆ ಮೈಸೂರಿನಲ್ಲಿ 1912ರಿಂದ ಇದೆ; ಅದನ್ನು ನಡೆಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಕೆಎಸ್‌ಐಸಿ ಮಳಿಗೆಯಲ್ಲಿ ಕೊಂಡ ಸೀರೆಯ ಮೇಲೆ ಗುರುತಿನ ಸಂಖ್ಯೆಯಿರುತ್ತದೆ. ಗಂಧದೆಣ್ಣೆ ಬೇಕಾದವರು ಕರ್ನಾಟಕ ಸೋಪ್ಸ್ ಸಂಸ್ಥೆಯ ಅಧಿಕೃತ ಮಳಿಗೆಯಲ್ಲಿ ವಿಚಾರಿಸಬಹುದು. ಕರಕುಶಲ ವಸ್ತುಗಳಿಗೆ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯಿದೆ.

ಹಣ ಹೋದದ್ದಕ್ಕಿಂತ ನನಗೆ ನೋವಾದದ್ದು ಮರುದಿನ. ದೇವರಾಜ ಮಾರುಕಟ್ಟೆಯಲ್ಲಿ ಹೂವಾಡಗಿತ್ತಿಯೊಬ್ಬರು ಆ ಹೆಂಗಸಿಗೆ ಪ್ರೀತಿಯಿಂದ ಒಂದು ಮೊಳ ಮಲ್ಲಿಗೆಯನ್ನು ಸುಮ್ಮನೆ ಕೊಡಲು ಬಂದರೆ, ಆಕೆ ಕೈ ಹಿಂದೆಗೆದುಕೊಂಡು ಇದಕ್ಕೆಷ್ಟು ಎಂದು ನನ್ನ ಮುಖ ನೋಡಿದರು. ಆ ಹೂವಿನವರಿಗೆ ನಾನು ಏನೆಂದು ವಿವರಿಸಲಿ? ಊರಿನ ಆಟೋದವರೆಲ್ಲ ಹೀಗೆಂದು ನಾನು ಹೇಳುತ್ತಿಲ್ಲ. ಅಂದು ಸಂಜೆ ಅವರನ್ನು ಚಾಮುಂಡಿ ಬೆಟ್ಟದಿಂದ ಹೋಟೆಲಿಗೆ ತಲುಪಿಸಿದವರು, ಸೀಟಿನಲ್ಲಿ ಬಿಟ್ಟುಹೋಗಿದ್ದ ಕ್ಯಾಮೆರಾವನ್ನು ತಾವಾಗಿಯೇ ಮರಳಿ ತಂದುಕೊಟ್ಟಿದ್ದರು.

ಸೀಸೆಗಳನ್ನು ಹಿಂದಿರುಗಿಸಲು ನಾನು ಅಂಗಡಿಗೆ ಹೋದಾಗ ಮಾಲೀಕರು ಜಗಳವಾಡಲಿಲ್ಲ, ಬಿಲ್ಲು ತೋರಿಸಿ ಎಂದರಷ್ಟೇ. ಬಿಲ್ಲಿನಲ್ಲಿ 'ಸುಗಂಧ ತೈಲ' ಎಂಬುದರ ಹೊರತು ಯಾವ ಎಣ್ಣೆ, ಎಷ್ಟು ಮಿಲಿಲೀಟರ್ ಎಂಬ ವಿವರವಾಗಲಿ ಜಿಎಸ್‌ಟಿ ಸಂಖ್ಯೆಯಾಗಲಿ ಇರಲಿಲ್ಲ. ಶ್ರೀಗಂಧವೆಂದು ನಾವು ಮಾರಲೇ ಇಲ್ಲ ಎಂದು ಅವರು ಹೇಳಿದ ಮೇಲೆ, ಅಲ್ಲವೆಂದು ತೋರಿಸಲು ನಮ್ಮ ಕೈಯಲ್ಲಿ ಕಾಗದವೇ ಇರಲಿಲ್ಲ.

ಆದ್ದರಿಂದ ಅತಿಥಿಗಳನ್ನು ಅವರು ಉಳಿದುಕೊಂಡಿರುವ ಹೋಟೆಲಿನಿಂದಲೇ ಕರೆದುಕೊಂಡು ಬನ್ನಿ. ಅದಾಗದಿದ್ದರೆ, ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಟಿಕೆಟ್ ಕೌಂಟರಿನಲ್ಲಿ ಮಾತ್ರ ಕೇಳಬೇಕೆಂದು ಹಿಂದಿನ ರಾತ್ರಿಯೇ ತಿಳಿಸಿಬಿಡಿ. ಏನು ಕೊಂಡರೂ ವಸ್ತುವಿನ ಹೆಸರು ಮತ್ತು ಅಳತೆ ಇರುವ ಬಿಲ್ಲು ಕೇಳುವಂತೆ ಹೇಳಿ. ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿಯಲ್ಲಿ ಜರ್ಮನ್, ಫ್ರೆಂಚ್, ಜಪಾನೀಸ್ ಸೇರಿದಂತೆ ಹಲವು ವಿದೇಶಿ ಭಾಷೆಗಳಲ್ಲಿ ಮಾತನಾಡಬಹುದು. ಗ್ರಾಹಕರ ದೂರಿಗೆ 1915 ಇದೆ. ಈ ಎರಡು ಸಂಖ್ಯೆಗಳನ್ನು ಅವರ ಫೋನಿನಲ್ಲಿ ನೀವೇ ಸೇರಿಸಿಕೊಡಿ.