ನಲಿಕಲಿ ಶಿಕ್ಷಕಿಯೊಬ್ಬಳು ಎಂ.ಎ. ಓದಿದ್ದು ಯಾಕೆ: ಟಿಸ್ ಕೋರ್ಸಿನ ಬಗ್ಗೆ

"ಮೇಡಂ, ಇದನ್ನು ಮಾಡಿದ್ರೆ ಬಡ್ತಿ ಸಿಗುತ್ತಾ?" ಮುಂಬೈನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಎಲಿಮೆಂಟರಿ ಎಜುಕೇಶನ್, ಅಂದರೆ ಪ್ರಾಥಮಿಕ ಶಿಕ್ಷಣದ ಎಂ.ಎ. ಮುಗಿಸಿದೆ ಎಂದರೆ ಸಹೋದ್ಯೋಗಿಗಳು ಕೇಳುವುದು ಇದನ್ನೇ. ಬಡ್ತಿಗಾಗಿ, ಕೆಲಸಕ್ಕಾಗಿ ಮಾತ್ರ ಆದರೆ ಸೇರಬೇಡಿ. ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಲು ಡಿ.ಎಲ್.ಇಡಿ.ಯಂಥ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ತರಬೇತಿಯೇ ಬೇಕು, ಬಿ.ಇಡಿ. ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈ ಎಂ.ಎ. ಆ ತರಬೇತಿಯ ಜಾಗ ತುಂಬುವುದಿಲ್ಲ.

ನಾನು ಸೇರಿದ್ದು ಮಕ್ಕಳ ಗಣಿತದ ಪುಸ್ತಕಗಳಿಂದಾಗಿ. 'ನೂರ ಇಪ್ಪತ್ತೈದು' ಬರೆಯಿರಿ ಅಂದರೆ ಎರಡನೇ ತರಗತಿಯ ಮಕ್ಕಳು 10025 ಎಂದು ಬರೆಯುತ್ತಾರೆ. ಕೆಂಪು ಗೆರೆ ಎಳೆದು ಮುಂದೆ ಹೋಗಬಹುದು. ಆದರೆ ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ: ಮೊದಲು ನೂರು, ಆಮೇಲೆ ಇಪ್ಪತ್ತೈದು. ಅಲ್ಲೊಂದು ತರ್ಕವಿದೆ! ಅದನ್ನು ಹಿಡಿದು ಸ್ಥಾನಬೆಲೆಗೆ ಕರೆದೊಯ್ಯುವುದು ಹೇಗೆ ಎಂಬುದನ್ನು ಈ ಕೋರ್ಸಿನ ಗಣಿತ ಬೋಧನೆಯ ಓದು ನನಗೆ ಕಲಿಸಿತು. ಈಗ ಹತ್ತರ ಕಡ್ಡಿ ಕಟ್ಟು, ನೂರರ ಕಟ್ಟು ಕೈಗೆ ಕೊಟ್ಟು, ಮಗುವೇ ಎಣಿಸಿ ಹೇಳುವತನಕ ಕಾಯುತ್ತೇನೆ. ನಲಿಕಲಿ, ಅಂದರೆ ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ, ಕಲಿಕಾ ಏಣಿಯ (ಕಲಿಕೆಯ ಹಂತಗಳನ್ನು ಸಾಲಾಗಿ ತೋರುವ ಪಟ್ಟಿ) ಮೆಟ್ಟಿಲುಗಳು ಆ ಕ್ರಮದಲ್ಲೇ ಯಾಕಿವೆ, ಗೆಳೆಯರ ನೆರವಿನಿಂದ ಕಲಿಯುವ ತಟ್ಟೆಗೆ (ಮಕ್ಕಳು ಕೂರುವ ಗುಂಪು) ಅಷ್ಟು ಬೆಲೆ ಯಾಕೆ ಎಂಬುದೂ ಆಗಲೇ ಸ್ಪಷ್ಟವಾದದ್ದು. ನನ್ನ ಮಟ್ಟಿಗೆ ಶುಲ್ಕ ಕಟ್ಟಿದ್ದು ಇದೊಂದಕ್ಕೇ ಸಾರ್ಥಕ.

ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುವ ಏಕಲವ್ಯ, ದಿಗಂತರ್‌ನಂಥ ಸ್ವಯಂಸೇವಾ ಸಂಸ್ಥೆಗಳ ಜೊತೆಗೂಡಿ 2006ರಲ್ಲಿ ಟಿಸ್ ಇದನ್ನು ಶುರುಮಾಡಿದ್ದು ದುಡಿಯುತ್ತಲೇ ಓದುವವರಿಗಾಗಿ. ಮುಂಬೈನ ದೇವನಾರ್ ಕ್ಯಾಂಪಸ್ಸಿನಲ್ಲಿ ಕೆಲವು ವಾರ ತರಗತಿ, ಉಳಿದದ್ದು ಮನೆಯಲ್ಲಿ ಓದು, ಬರಹ. ಜೊತೆಗಿದ್ದವರಲ್ಲಿ ಸ್ವಯಂಸೇವಾ ಸಂಸ್ಥೆಯವರು, ಶಿಕ್ಷಕರ ತರಬೇತಿಗೆ ಹೋಗಬೇಕೆಂದಿದ್ದವರು, ಪಠ್ಯ ಬರೆಯುವ ಆಸೆಯವರೂ ಇದ್ದರು. ಊಟದ ಸಾಲಿನಲ್ಲೂ ಚರ್ಚೆ ನಿಲ್ಲುತ್ತಿರಲಿಲ್ಲ.

ಓದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರಿಗೆ ಮೊದಮೊದಲು ಉಸಿರು ಕಟ್ಟುತ್ತದೆ. ನಾನು ಪ್ರತಿ ಲೇಖನದ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಅಸೈನ್‌ಮೆಂಟಿಗೆ ಕೂರುತ್ತಿದ್ದೆ. ಇಂಥ ಕೋರ್ಸು ಕನ್ನಡದಲ್ಲೇ ಸಿಗಬೇಕು, ಅದು ನಮ್ಮ ಹಳ್ಳಿ ಶಾಲೆಗಳ ಶಿಕ್ಷಕರ ಹಕ್ಕು ಎಂದೇ ನಾನು ನಂಬಿದ್ದೇನೆ.

ಚಿಕ್ಕ ಮಕ್ಕಳ ಜೊತೆಗೇ ಇರಬೇಕು ಎಂದು ನಿರ್ಧರಿಸಿದವರು ಇಂಥ ಓದಿಗೆ ಧೈರ್ಯವಾಗಿ ಸೇರಿ. ಸರ್ಕಾರಿ ಶಾಲೆಯವರಾದರೆ ಇಲಾಖೆಯ ಅನುಮತಿ, ರಜೆ ಎರಡನ್ನೂ ಅರ್ಜಿ ಹಾಕುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.