ಧೂಮಕೇತು ನೋಡೋಕೆ 10×50 ಬೈನಾಕ್ಯುಲರ್: ಕೊಪ್ಪಳದ ಆಕಾಶದಲ್ಲಿ ಬಳಸಿದ ಮೇಲೆ

ಧೂಮಕೇತು ಬಂದಿದೆ ಅಂತ ಸುದ್ದಿಯಾದಾಗಲೆಲ್ಲ ಯಾರಾದರೂ ಕೇಳುತ್ತಾರೆ, ಯಾವ ಟೆಲಿಸ್ಕೋಪ್ ತಗೊಳ್ಳಲಿ ಅಂತ. ಟೆಲಿಸ್ಕೋಪ್ ಬೇಡ. 10×50 ಬೈನಾಕ್ಯುಲರ್ ತಗೊಳ್ಳಿ. ನಾನು 2024ರ ಸೆಪ್ಟೆಂಬರ್‌ನಲ್ಲಿ ಒಂದು ತರಿಸಿಕೊಂಡೆ, 5,000 ರೂಪಾಯಿಯೊಳಗೇ ಸಿಕ್ಕಿತು, ಅದರಲ್ಲಿ ಎರಡು ಒಳ್ಳೆ ಧೂಮಕೇತು ನೋಡಿದ್ದೇನೆ. ಈ ದರದಲ್ಲಿ ಸಿಗುವ ಪೋರೋ ಪ್ರಿಸಮ್ (ಪ್ರಿಸಮ್ ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಪೋರೋ ಅದರ ಒಂದು ಬಗೆ) ಬೈನಾಕ್ಯುಲರ್‌ಗಳ ಗುಣದೋಷ ಬಹುಪಾಲು ಒಂದೇ ತರಹ ಇರುತ್ತದೆ, ಹಾಗಾಗಿ ಕಂಪನಿಗಿಂತ ಅದರ ಮೇಲಿರುವ ಅಂಕಿ ಮುಖ್ಯ.

10 ಅಂದರೆ ಹತ್ತು ಪಟ್ಟು ಹತ್ತಿರ. 50 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪೂರ್ತಿ ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ತೆರೆದುಕೊಳ್ಳೋದೇ ಸುಮಾರು 7 ಮಿಲಿಮೀಟರ್, ಹಾಗಾಗಿ ಈ ಗಾಜು ಬರಿಗಣ್ಣಿಗಿಂತ 50 ಪಟ್ಟು ಬೆಳಕು ಹಿಡಿಯುತ್ತದೆ. ಅದು ದೊಡ್ಡ ವ್ಯತ್ಯಾಸ. ಆದರೆ ಧೂಮಕೇತುವಿಗೆ ಅದಕ್ಕಿಂತ ಮುಖ್ಯವಾದದ್ದು ಒಂದೇ ಸಲಕ್ಕೆ ಎಷ್ಟು ಆಕಾಶ ಕಾಣುತ್ತದೆ ಅನ್ನೋದು. ನನ್ನದರಲ್ಲಿ ಸುಮಾರು ಆರೂವರೆ ಡಿಗ್ರಿ ಕಾಣುತ್ತದೆ, ಅಂದರೆ ಹದಿಮೂರು ಹುಣ್ಣಿಮೆ ಚಂದ್ರನನ್ನು ಪಕ್ಕಪಕ್ಕ ಇಟ್ಟಷ್ಟು. ಕಡಿಮೆ ದುಡ್ಡಿನ ಟೆಲಿಸ್ಕೋಪ್‌ನಲ್ಲಿ ಒಂದೆರಡು ಡಿಗ್ರಿ ಸಿಕ್ಕರೆ ಹೆಚ್ಚು. ಬಾಲವೇ ಹತ್ತು ಡಿಗ್ರಿ ಚಾಚಿಕೊಂಡಿರುವಾಗ ಟೆಲಿಸ್ಕೋಪ್‌ನಲ್ಲಿ ತಲೆ ಮಾತ್ರ ಕಾಣುತ್ತದೆ, ಅದೂ ಹುಡುಕೋಕೆ ಸಿಕ್ಕರೆ. ಜಪಾನಿನ ಹವ್ಯಾಸಿ ವೀಕ್ಷಕ ಹ್ಯಾಕುಟಾಕೆ 1996ರ ಜನವರಿಯಲ್ಲಿ ತನ್ನ ಹೆಸರಿನ ಧೂಮಕೇತುವನ್ನು ಪತ್ತೆ ಮಾಡಿದ್ದು ಬೈನಾಕ್ಯುಲರ್‌ನಿಂದಲೇ. ಅದು 25×150, ಎರಡು ಕೈಯಲ್ಲಿ ಎತ್ತುವಂಥದ್ದಲ್ಲ ಬಿಡಿ. ಇಂಗ್ಲೆಂಡಿನ ಜಾರ್ಜ್ ಆಲ್ಕಾಕ್ ಅಂತೂ 1983ರಲ್ಲಿ ಮನೆಯೊಳಗೆ ನಿಂತು ಮುಚ್ಚಿದ ಕಿಟಕಿಯ ಗಾಜಿನ ಮೂಲಕ 15×80ರಲ್ಲಿ ಒಂದನ್ನು ಕಂಡುಹಿಡಿದರು.

ನನ್ನದಕ್ಕೆ ಮೊದಲ ಪರೀಕ್ಷೆ ತ್ಸುಚಿನ್‌ಶಾನ್-ಅಟ್ಲಾಸ್, ಸಿ/2023 ಎ3 ಅನ್ನೋ ಧೂಮಕೇತು. ಚೀನಾದ ಪರ್ಪಲ್ ಮೌಂಟೇನ್ (ಚೀನೀ ಹೆಸರು ತ್ಸುಚಿನ್‌ಶಾನ್) ವೀಕ್ಷಣಾಲಯ ಮತ್ತು ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕ, ಎರಡೂ 2023ರ ಆರಂಭದಲ್ಲಿ ಕಂಡದ್ದರಿಂದ ಎರಡೂ ಹೆಸರು ಸೇರಿತು. 2024ರ ಸೆಪ್ಟೆಂಬರ್ 27ಕ್ಕೆ ಅದು ಸೂರ್ಯನಿಗೆ ಅತಿ ಹತ್ತಿರ ಬಂತು. ಆಗ ಬೆಳಗಿನ ಜಾವ ಪೂರ್ವದಲ್ಲಿ ಕಾಣಬೇಕು. ಕೊಪ್ಪಳದಲ್ಲಿ ಪೂರ್ವಕ್ಕೆ ನೋಡೋದು ಕಷ್ಟ, ಗಿಣಿಗೇರಾ ಕಡೆಯ ಕಾರ್ಖಾನೆಗಳ ಬೆಳಕು ಆಕಾಶದ ಬುಡವನ್ನೆಲ್ಲ ಹಳದಿ ಮಾಡಿರುತ್ತದೆ. ಮಹಾಲಯ ಅಮಾವಾಸ್ಯೆಗೆ ಮುಂಚಿನ ಒಂದು ಬೆಳಗ್ಗೆ ಬರಿಗಣ್ಣಿಗೆ ಏನೂ ಸಿಗಲಿಲ್ಲ, ಬೈನಾಕ್ಯುಲರ್‌ನಲ್ಲಿ ಮಾತ್ರ ಆ ಹಳದಿಯೊಳಗೆ ಒಂದು ಗಟ್ಟಿ ಬಿಳಿ ಚುಕ್ಕಿ, ಅದರ ಮೇಲೆ ಗಿಡ್ಡ ಬಾಲ ಕಂಡಿತು. ನಿಮಿಷಗಳಲ್ಲೇ ಬೆಳಕು ಹರಿದು ಮಾಯವಾಯಿತು. ಕೊಟ್ಟ ದುಡ್ಡು ವಸೂಲಾಯಿತು ಅಂತ ನನಗೆ ಅನಿಸಿದ್ದು ಆವತ್ತೇ.

ಅಕ್ಟೋಬರ್ 12ಕ್ಕೆ, ವಿಜಯದಶಮಿ ದಿನವೇ, ಅದು ಭೂಮಿಗೆ ಅತಿ ಹತ್ತಿರವಿತ್ತು, ಸುಮಾರು 7 ಕೋಟಿ ಕಿಲೋಮೀಟರ್. ಆಮೇಲೆ ಸಂಜೆ ಪಶ್ಚಿಮಕ್ಕೆ ಬಂತು, ದಿನ ಕಳೆದಂತೆ ಮೇಲೆ ಏರಿತು. ಮೋಡ ಬಹಳ ಸಂಜೆಗಳನ್ನು ತಿಂದುಬಿಟ್ಟಿತು. ಮೋಡ ಬಿಟ್ಟ ಒಂದು ಸಂಜೆ ತುಂಗಭದ್ರಾ ಹಿನ್ನೀರಿನ ದಡಕ್ಕೆ ಹೋದೆವು. ಅಲ್ಲಿ ಪಶ್ಚಿಮದ ಕಡೆ ನೀರೇ ನೀರು, ಗಿಡ ಇಲ್ಲ, ಕಟ್ಟಡ ಇಲ್ಲ, ದಿಗಂತ ಬುಡದವರೆಗೂ ಕಾಣುತ್ತದೆ. ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ, ಇವೆರಡರ ನಡುವೆ ಸ್ವಲ್ಪ ಮೇಲೆ ಹುಡುಕಿ ಅಂತ ಎಲ್ಲ ಕಡೆ ಹೇಳಿದ್ದರು, ಹಾಗೇ ಮಾಡಿದೆವು. ಬೈನಾಕ್ಯುಲರ್‌ನಲ್ಲಿ ಮೊದಲು ಸಿಕ್ಕಿತು, ಅರ್ಧ ಗಂಟೆಯಾದ ಮೇಲೆ ಬರಿಗಣ್ಣಿಗೂ ಸಿಕ್ಕಿತು. ಪಕ್ಕದ ಗೋವಿನಜೋಳದ ಹೊಲದಿಂದ ವಯಸ್ಸಾದವರೊಬ್ಬರು ಬಂದು "ಏನ್ ನೋಡಾಕತ್ತೀರಿ?" ಅಂದರು. "ಬಾಲದ ಚುಕ್ಕಿ ಐತಿ ನೋಡ್ರಿ ಕಾಕಾ" ಅಂತ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿ, "ಹೊಗಿ ಎಳದಂಗ ಐತಲ್ಲೋ" ಅಂದರು. ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೂ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ತುಂಬಾ ಜನ ಗಮನಿಸಲಿಲ್ಲ. ಪತ್ರಿಕೆ, ಟಿವಿಯಲ್ಲಿ ಸುದ್ದಿ ಜೋರಾಗಿದ್ದ ದಿನಗಳಲ್ಲಿ ಆಕಾಶದಲ್ಲಿ ಚಂದ್ರನಿದ್ದ. ಅಕ್ಟೋಬರ್ 17 ಸೀಗಿ ಹುಣ್ಣಿಮೆ. ಆ ಬೆಳದಿಂಗಳಲ್ಲಿ ತಲೆ ಹೊಳೆಯುತ್ತಿತ್ತು, ಆದರೆ ಬಾಲ ಅರ್ಧಕ್ಕರ್ಧ ಅಳಿಸಿಹೋಗಿತ್ತು. ಹುಣ್ಣಿಮೆ ಕಳೆದು ಮೂರ್ನಾಲ್ಕು ದಿನಕ್ಕೆ ಚಂದ್ರ ತಡವಾಗಿ ಹುಟ್ಟೋಕೆ ಶುರು ಮಾಡಿದ, ಸಂಜೆಯ ಮೊದಲ ಜಾವ ಕತ್ತಲಾಯಿತು. ಅಷ್ಟೊತ್ತಿಗೆ ಸುದ್ದಿ ಮುಗಿದಿತ್ತು, ಧೂಮಕೇತುವೂ ಮಂಕಾಗಿತ್ತು. ನನ್ನ ಅತ್ಯುತ್ತಮ ನೋಟ ಸಿಕ್ಕಿದ್ದು ಆಗಲೇ. ಬರಿಗಣ್ಣಿಗೆ ಬರೀ ಮಸುಕು ಗೆರೆ, ಬೈನಾಕ್ಯುಲರ್ ಇಟ್ಟರೆ ಬಾಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ, ಇನ್ನೂ ಮುಗಿಯದೆ, ಬೈನಾಕ್ಯುಲರ್ ಸರಿಸಿಕೊಂಡು ಹಿಂಬಾಲಿಸಬೇಕಾಯಿತು. ದೊಡ್ಡ ಧೂಮಕೇತುವನ್ನು ನೋಡೋಕೆ ಬೈನಾಕ್ಯುಲರ್ ಬೇಕಾ ಅಂತ ಕೇಳುವವರಿಗೆ ಹೇಳೋದು ಇದನ್ನೇ: ಹೊಳೆಯುವ ದಿನಗಳಿಗೆ ಬೇಡ, ಆಮೇಲಿನ ವಾರಗಳಿಗೆ ಬೇಕೇ ಬೇಕು.

ಈಗ ಕೊರತೆಗಳು. ನೋಟದ ಮಧ್ಯಭಾಗ ಚೆನ್ನಾಗಿದೆ, ನಕ್ಷತ್ರಗಳು ಚೂಪಾದ ಚುಕ್ಕಿಗಳಾಗಿ ಕಾಣುತ್ತವೆ. ಅಂಚಿಗೆ ಹೋದಂತೆ ಅವಕ್ಕೆ ರೆಕ್ಕೆ ಬಂದಂತೆ ಹರಡುತ್ತವೆ, ಹೊರಗಿನ ಮೂರನೇ ಒಂದು ಭಾಗ ನಂಬುವಂತಿಲ್ಲ. ಇದು ನಿಜಕ್ಕೂ ತೊಂದರೆ, ಯಾಕೆಂದರೆ ಅಂಚಿನಲ್ಲಿ ಹರಡಿದ ನಕ್ಷತ್ರವೂ ಚಿಕ್ಕ ಧೂಮಕೇತುವಿನ ಹಾಗೇ ಕಾಣುತ್ತದೆ. ಏನಾದರೂ ಮಸುಕಾಗಿ ಕಂಡರೆ ಅದನ್ನು ನಡುವಿಗೆ ತಂದು ನೋಡಿ, ಆಗಲೂ ಮಸುಕಾಗಿದ್ದರೆ ಮಾತ್ರ ನಂಬಿ. ಶುಕ್ರನ ಸುತ್ತ ನೇರಳೆ ಅಂಚು ಕಾಣುತ್ತದೆ, ಅದರಿಂದ ಧೂಮಕೇತು ನೋಡೋಕೆ ಅಡ್ಡಿಯಿಲ್ಲ. ಕನ್ನಡಕ ಹಾಕುವವರಿಗೆ ಪೂರ್ತಿ ನೋಟ ಸಿಗೋದಿಲ್ಲ. ಕಣ್ಣಿಡುವ ಕಡೆಯ ರಬ್ಬರ್ ಮಡಚಿದರೂ ಅಂಚು ಕತ್ತರಿಸುತ್ತದೆ, ಬರೀ ಸಮೀಪದೃಷ್ಟಿ ಇದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಳ್ಳೋದೇ ಒಳ್ಳೇದು. ಕತ್ತಿನ ಪಟ್ಟಿ ತೀರಾ ತೆಳು, ಮುಕ್ಕಾಲು ಕೆಜಿ ತೂಕಕ್ಕೆ ಅದು ಸಾಲದು, ಕ್ಯಾಮೆರಾ ಪಟ್ಟಿ ಹಾಕಿಕೊಂಡೆ.

ಕೈ ನಡುಗೋದು ದೊಡ್ಡ ವಿಷಯ. ಹತ್ತು ಪಟ್ಟಿನಲ್ಲಿ ಕೈ ನಡುಕವೂ ಹತ್ತು ಪಟ್ಟು. ನಿಂತುಕೊಂಡು ತಲೆ ಎತ್ತಿ ನೋಡಿದರೆ ಎರಡು ನಿಮಿಷಕ್ಕೆ ಸಾಕಾಗುತ್ತದೆ. ಮಾಳಿಗೆ ಮೇಲೆ ಹೊರಸು ಹಾಕಿ, ತಲೆ ಕಡೆ ದಿಂಬು ಎತ್ತರ ಮಾಡಿ, ಮೊಣಕೈ ಎದೆಗೆ ಒತ್ತಿಕೊಂಡು ನೋಡಿ, ಅದೇ ಬೈನಾಕ್ಯುಲರ್ ಬೇರೆ ಸಾಧನವಾಗುತ್ತದೆ. ಬಯಲಿಗೆ ಹೋದರೆ ಬೈಕ್ ಸೀಟಿನ ಮೇಲೆ ಮೊಣಕೈ ಊರಿದರೂ ಆಗುತ್ತದೆ. ಬೆಟ್ಟ ಹತ್ತಬೇಡಿ. ಪಾಲ್ಕಿಗುಂಡು ಗುಡ್ಡದ ಅಶೋಕನ ಶಾಸನ ನೋಡೋಕೆ ಹಗಲು ಚೆಂದ, ಆದರೆ ನಮ್ಮ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ, ಕತ್ತಲಲ್ಲಿ ಬೆಳಕಿಲ್ಲದೆ ಕೂರೋ ಜಾಗ ಅದಲ್ಲ. ಧೂಮಕೇತುವಿಗೆ ಎತ್ತರ ಬೇಕಿಲ್ಲ, ತೆರೆದ ದಿಗಂತ ಮತ್ತು ಕತ್ತಲು ಸಾಕು.

ಎರಡನೇ ಪರೀಕ್ಷೆ 2025ರ ಅಕ್ಟೋಬರ್, ಲೆಮ್ಮನ್ ಧೂಮಕೇತು. ಅಮೆರಿಕದ ಮೌಂಟ್ ಲೆಮ್ಮನ್‌ನಲ್ಲಿ ಅದೇ ವರ್ಷದ ಜನವರಿಯಲ್ಲಿ ಕಂಡದ್ದು. ಭೂಮಿಗೆ ಅತಿ ಹತ್ತಿರ ಬಂದದ್ದು ಅಕ್ಟೋಬರ್ 21, ದೀಪಾವಳಿ ಅಮಾವಾಸ್ಯೆ. ಚಂದ್ರನಿಲ್ಲ, ಇದಕ್ಕಿಂತ ಒಳ್ಳೆ ದಿನ ಬೇಕಾ? ಆದರೆ ಊರಲ್ಲಿ ಪಟಾಕಿ ಹೊಗೆ. ಹಳ್ಳಿಯಲ್ಲಿರುವ ಮಾವನ ಹೊಲಕ್ಕೆ ಹೋದೆವು. ವಾಯವ್ಯದಲ್ಲಿ, ಸ್ವಾತಿ ಇರುವ ತಾರಾಪುಂಜದಲ್ಲೇ ಅದು ಇತ್ತು. ಹೊಳಪಿನ ಪ್ರಮಾಣ (ಅಂಕಿ ಹೆಚ್ಚಾದಷ್ಟೂ ಮಂಕು) ನಾಲ್ಕರ ಆಸುಪಾಸು ಅಂತ ಲೆಕ್ಕ. ನಾಲ್ಕನೇ ಪ್ರಮಾಣದ ನಕ್ಷತ್ರ ಹಳ್ಳಿಯಲ್ಲಿ ಸಲೀಸಾಗಿ ಕಾಣುತ್ತದೆ, ಆದರೆ ಧೂಮಕೇತುವಿನ ಅಷ್ಟೇ ಬೆಳಕು ಒಂದು ಚುಕ್ಕಿಯಲ್ಲಿರದೆ ಹರಡಿರುತ್ತದೆ, ಅದಕ್ಕೇ ಬರಿಗಣ್ಣಿಗೆ ನಮಗೆ ಸಿಗಲಿಲ್ಲ. ಬೈನಾಕ್ಯುಲರ್‌ನಲ್ಲಿ ದುಂಡನೆ ತಲೆ, ನೇರವಾಗಿ ಮೇಲೆ ಹೋದ ಸಣ್ಣ ಬಾಲ. ಫೋಟೋಗಳಲ್ಲಿ ಕಾಣುವ ಆ ಹಸಿರು, ಸೂರ್ಯನ ಬೆಳಕಿಗೆ ಹೊಳೆಯುವ ಜೋಡಿ ಇಂಗಾಲದ ಅಣುಗಳದ್ದು, ಕಣ್ಣಿಗೆ ಹಸಿರು ಬೆರೆತ ಬೂದಿಯಾಗಿ ಮಾತ್ರ ಕಂಡಿತು. ಫೋಟೋ ನೋಡಿ ಆಸೆಪಟ್ಟು ತಗೊಳ್ಳುವವರು ಇದನ್ನು ಮೊದಲೇ ತಿಳಿದಿರಲಿ. ಕ್ಯಾಮೆರಾ ಸೆಕೆಂಡುಗಟ್ಟಲೆ ಬೆಳಕು ಕೂಡಿಡುತ್ತದೆ, ಕಣ್ಣಿಗೆ ಆ ಶಕ್ತಿಯಿಲ್ಲ. ಆದರೂ ಮಾವನ ಮಗಳು ಬೈನಾಕ್ಯುಲರ್ ಬಿಟ್ಟು ಕೊಡೋಕೆ ಒಪ್ಪಲಿಲ್ಲ, "ಇನ್ನೊಂದು ಸಲ ಮಾಮಾ" ಅಂತ ಕೇಳುತ್ತಲೇ ಇದ್ದಳು.

ಹುಡುಕೋಕೆ ಮೊಬೈಲ್‌ನಲ್ಲಿ ಸ್ಟೆಲ್ಲೇರಿಯಂ ಅನ್ನೋ ಆಕಾಶ ನಕ್ಷೆಯ ಆ್ಯಪ್ ಸಾಕು. ಕಂಪ್ಯೂಟರ್‌ನಲ್ಲಿ ಅದು ಪೂರ್ತಿ ಉಚಿತ, ಆದರೆ ಹೊಸ ಧೂಮಕೇತು ತಾನಾಗಿ ಬರೋದಿಲ್ಲ, ಅದರಲ್ಲಿರುವ ಸೌರವ್ಯೂಹದ ಪ್ಲಗಿನ್‌ನಿಂದ ಕಕ್ಷೆಯ ಮಾಹಿತಿ ತರಿಸಿಕೊಳ್ಳಬೇಕು. ಪರದೆಯನ್ನು ರಾತ್ರಿಯ ಕೆಂಪು ಬಣ್ಣಕ್ಕೆ ಹಾಕಿ, ಇಲ್ಲದಿದ್ದರೆ ಇಪ್ಪತ್ತು ನಿಮಿಷ ಕತ್ತಲಿಗೆ ಹೊಂದಿಕೊಂಡ ಕಣ್ಣು ಒಂದೇ ಕ್ಷಣಕ್ಕೆ ಕೆಡುತ್ತದೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ, ನಕ್ಷತ್ರದಿಂದ ಎಷ್ಟು ದೂರ ಅಂತ ಅದರಲ್ಲೇ ಅಳೆಯಿರಿ. ಮೊದಲು ಯಾವುದಾದರೂ ಹೊಳೆಯುವ ನಕ್ಷತ್ರದ ಮೇಲೆ ಫೋಕಸ್ ಮಾಡಿಕೊಳ್ಳಿ, ಆಮೇಲೆ ನಿಧಾನವಾಗಿ ಅಡ್ಡಡ್ಡ ಸರಿಸಿ. ಸಿಕ್ಕ ಮೇಲೆ ನೇರ ಅದನ್ನೇ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಬಾಲ ಉದ್ದವಾಗುತ್ತದೆ. ಮತ್ತೆ ಇದು ಕಡ್ಡಾಯ: ಸಂಜೆ ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಪಶ್ಚಿಮಕ್ಕೆ ತಿರುಗಿಸಬೇಡಿ, ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆಯೇ ಕೆಳಗಿಡಿ. ಒಂದು ಕ್ಷಣ ಸೂರ್ಯ ಕಂಡರೂ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವಾಗ ಪಕ್ಕದಲ್ಲೇ ಇರಿ.

ತಗೊಳ್ಳುವಾಗ ಪರೀಕ್ಷೆ ಮಾಡಿ. ನನಗೆ ಮೊದಲು ಬಂದ ಪೀಸ್‌ನಲ್ಲಿ ಎರಡು ಕೊಳವೆ ಒಂದೇ ಕಡೆ ನೋಡುತ್ತಿರಲಿಲ್ಲ. ಒಂದು ನಕ್ಷತ್ರ ಎರಡಾಗಿ ಕಾಣುತ್ತಿತ್ತು, ಹತ್ತು ನಿಮಿಷಕ್ಕೆ ತಲೆನೋವು. ಮಾರಿದವರು ಮೊದಲು ಒಪ್ಪಲಿಲ್ಲ, ವಿಡಿಯೋ ಕಳಿಸಿದ ಮೇಲೆ ಬದಲಿಸಿಕೊಟ್ಟರು. ದೂರದ ಮೊಬೈಲ್ ಟವರ್ ದೀಪ ನೋಡಿ, ಒಂದೇ ದೀಪ ಕಾಣಬೇಕು. ಬೈನಾಕ್ಯುಲರನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ವೃತ್ತ ದುಂಡಗಿದ್ದರೆ ಒಳ್ಳೆ ಪ್ರಿಸಮ್, ಅಂಚು ಕತ್ತರಿಸಿ ಚೌಕದಂತಿದ್ದರೆ ಅಗ್ಗದ್ದು. ಬ್ಯಾಕ್-4 (ಒಳ್ಳೆ ಪ್ರಿಸಮ್ ಗಾಜಿನ ಹೆಸರು, BaK-4) ಅಂತ ಬರೆದಿರುವುದನ್ನು ಆರಿಸಿ. 20×50, 30×60 ಅಂತ ದೊಡ್ಡ ಅಂಕಿ ಬರೆದು ಮಾರುವುದನ್ನು ಮುಟ್ಟಬೇಡಿ, ಜೂಮ್ ಇರುವುದನ್ನೂ ಬೇಡ. ಅವು ಕೈಯಲ್ಲಿ ನಿಲ್ಲುವುದಿಲ್ಲ, ಆಕಾಶವೂ ಚಿಕ್ಕದಾಗುತ್ತದೆ.

ಹತ್ತು ವರ್ಷದೊಳಗಿನ ಮಕ್ಕಳಿಗೆ 10×50 ಭಾರ, ಕಣ್ಣುಗಳ ನಡುವಿನ ಅಂತರಕ್ಕೂ ಹೊಂದದೇ ಇರಬಹುದು, ಅವರಿಗೆ 8×40 ನೋಡಿ. ಟ್ರೈಪಾಡ್‌ಗೆ ಕೂರಿಸುವ ಎಲ್ ಆಕಾರದ ಕೊಂಡಿ ಬೇರೆ ಕೊಳ್ಳಬೇಕು, ಡಬ್ಬಿಯಲ್ಲಿ ಬರೋದಿಲ್ಲ. ಆದರೆ ಮುಂದಿನ ನಡುಗೀಲಿನ ಮುಚ್ಚಳ ಬಿಚ್ಚಿದರೆ ಒಳಗೆ ಅದಕ್ಕೆ ತಿರುಪು ಇದೆಯಾ ಅಂತ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.