ಸಿ ಪ್ರೋಗ್ರಾಮಿನಲ್ಲಿ ಫೈಲ್ ಹೆಸರು ಹೊಂದಿಸುವುದು: ಗ್ಲಾಬ್, ಎಫ್‌ಎನ್‌ಮ್ಯಾಚ್, ರೆಜೆಕ್ಸ್ ಮತ್ತು ಸ್ವಂತ ಲೂಪ್

ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವ ಕೆಲಸವನ್ನು ನಾವು ಕೆಲವು ಗೆಳೆಯರು ಬಿಡುವಿನ ವೇಳೆಯಲ್ಲಿ ಮಾಡುತ್ತ ಬಂದಿದ್ದೇವೆ. ಪ್ರತಿ ಪುಟವೂ ‘ಕೃಷಿ_ಪುಟ_0012.ಟಿಫ್’ ಎಂಬಂಥ ಹೆಸರಿನ ಒಂದು ಫೈಲ್. ಬಳಕೆದಾರ ಕೊಟ್ಟ ವೈಲ್ಡ್‌ಕಾರ್ಡ್ ಮಾದರಿಗೆ (ಅದರಲ್ಲಿ ‘*’ ಎಂದರೆ ಎಷ್ಟಾದರೂ ಅಕ್ಷರ, ‘?’ ಎಂದರೆ ಯಾವುದಾದರೂ ಒಂದು ಅಕ್ಷರ) ಹೊಂದುವ ಪುಟಗಳನ್ನಷ್ಟೇ ಆರಿಸಿ ಮುಂದಿನ ಹಂತಕ್ಕೆ ಕಳುಹಿಸುವ ಪ್ರೋಗ್ರಾಮನ್ನು ಲಿನಕ್ಸ್ ಮೇಲೆ ಸಿ ಭಾಷೆಯಲ್ಲಿ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಸಣ್ಣ ಕೆಲಸವೆಂದು ಕೈಹಾಕಿದ ನಾನು ಒಂದಾದ ಮೇಲೊಂದರಂತೆ ಐದು ವಿಧಾನಗಳನ್ನು ಪ್ರಯತ್ನಿಸಬೇಕಾಯಿತು. ಅವುಗಳಲ್ಲಿ ಯಾವುದು ಎಲ್ಲಿ ಒದಗಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲಿಗೆ ಈ ಹೊರೆಯನ್ನು ಶೆಲ್‌ಗೇ, ಅಂದರೆ ನಾವು ಟೈಪ್ ಮಾಡುವ ಕಮಾಂಡುಗಳನ್ನು ನಡೆಸುವ ಪ್ರೋಗ್ರಾಮಿಗೇ, ಬಿಟ್ಟಿದ್ದೆ. ಶೆಲ್ ‘*.ಟಿಫ್’ ಎಂಬುದನ್ನು ಬಿಡಿಸಿ ಹೆಸರುಗಳ ಪಟ್ಟಿಯನ್ನೇ ಪ್ರೋಗ್ರಾಮಿಗೆ ಕೊಡುವುದರಿಂದ ಸಿ ಕೋಡಿನಲ್ಲಿ ಮಾಡಬೇಕಾದದ್ದು ಏನೂ ಇರಲಿಲ್ಲ. ಆದರೆ ಒಂದೇ ಫೋಲ್ಡರಿನಲ್ಲಿ ಪುಟಗಳು ನಲವತ್ತು ಸಾವಿರ ದಾಟಿದ ದಿನ, ಆರ್ಗ್ಯುಮೆಂಟ್ ಪಟ್ಟಿ ತೀರಾ ಉದ್ದವಾಯಿತೆಂದು ಹೇಳಿ ಶೆಲ್ ಕೈಚೆಲ್ಲಿತು. ಲಿನಕ್ಸಿನಲ್ಲಿ ಹೊಸ ಪ್ರೋಗ್ರಾಮಿಗೆ ಕೊಡಬಹುದಾದ ಆರ್ಗ್ಯುಮೆಂಟುಗಳ ಒಟ್ಟು ಗಾತ್ರವು ಸ್ಟ್ಯಾಕ್ (ಪ್ರೋಗ್ರಾಮಿನ ಕೆಲಸಕ್ಕೆ ಮೀಸಲಾದ ಒಂದು ಮೆಮರಿ ಭಾಗ) ಮಿತಿಯ ಕಾಲು ಭಾಗ. ಸ್ಟ್ಯಾಕ್ ಮಿತಿ ಸಾಮಾನ್ಯವಾಗಿ 8 ಎಂಬಿ ಇರುವುದರಿಂದ ನಮಗೆ ದಕ್ಕುವುದು 2 ಎಂಬಿ. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ 3 ಬೈಟ್ ಹಿಡಿಯುತ್ತದೆಯಾದ್ದರಿಂದ, ಇಂಗ್ಲಿಷ್ ಹೆಸರುಗಳನ್ನು ಇಟ್ಟವರಿಗಿಂತ ಎಷ್ಟೋ ಮೊದಲೇ ನಾವು ಈ ಗೋಡೆಗೆ ಮುಟ್ಟುತ್ತೇವೆ. ಹೆಸರು ಹೊಂದಿಸುವ ಕೆಲಸ ಪ್ರೋಗ್ರಾಮಿನ ಒಳಗೇ ನಡೆಯಬೇಕೆಂದು ಆಗ ನಿಶ್ಚಯವಾಯಿತು.

ಮುಂದೆ ಹಿಡಿದದ್ದು ಗ್ಲಾಬ್ ಫಂಕ್ಷನ್. 1971ರ ಯುನಿಕ್ಸಿನಲ್ಲಿ ಗ್ಲಾಬ್ ಎಂಬುದು ಶೆಲ್ ಕರೆಯುತ್ತಿದ್ದ ಪ್ರತ್ಯೇಕ ಪ್ರೋಗ್ರಾಮೇ ಆಗಿತ್ತು. ಅದೇ ಹೆಸರು ಮುಂದೆ ಪಾಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡ) ಲೈಬ್ರರಿಯ ಫಂಕ್ಷನ್ನಿಗೂ ಬಂತು. ಇದರ ಅನುಕೂಲ ದೊಡ್ಡದು. ಡೈರೆಕ್ಟರಿಯ ಹಾದಿ ಸಮೇತ ಇಡೀ ಮಾದರಿಯನ್ನು ಒಂದೇ ಕರೆಯಲ್ಲಿ ಕೊಟ್ಟರೆ, ಹೊಂದುವ ಹೆಸರುಗಳೆಲ್ಲ ವಿಂಗಡಣೆಯಾಗಿ ಒಂದು ಅರೇಯಲ್ಲಿ ಸಿಗುತ್ತವೆ, ಚುಕ್ಕೆಯಿಂದ ಆರಂಭವಾಗುವ ಗುಪ್ತ ಫೈಲುಗಳು ಕೇಳದೆ ಬರುವುದಿಲ್ಲ, ‘*/ಪುಟ_*.ಟಿಫ್’ ಎಂದು ಬರೆದು ಹಲವು ಫೋಲ್ಡರುಗಳನ್ನು ಒಟ್ಟಿಗೆ ಹುಡುಕಲೂಬಹುದು. ಮೊದಲ ವಾರ ನನಗೆ ಇದಕ್ಕಿಂತ ಒಳ್ಳೆಯದು ಬೇಡವೆನಿಸಿತ್ತು.

ತೊಡಕು ಕಾಣಿಸಿದ್ದು ‘ರಸೀದಿ [2019]’ ಎಂಬ ಫೋಲ್ಡರಿನಲ್ಲಿ. ಅಲ್ಲಿ ಆರುನೂರು ಚಿಲ್ಲರೆ ಪುಟಗಳು ಕಣ್ಣೆದುರಿಗೇ ಇದ್ದರೂ ಗ್ಲಾಬ್ ಒಂದೂ ಇಲ್ಲವೆಂದು ಉತ್ತರಿಸಿತು. ನಾನು ಮಾಡಿದ್ದಿಷ್ಟೆ: ಬಳಕೆದಾರ ಕೊಟ್ಟ ಫೋಲ್ಡರಿನ ಹೆಸರಿಗೆ ಒಂದು ಓರೆಗೆರೆಯನ್ನೂ ‘*.ಟಿಫ್’ ಎಂಬುದನ್ನೂ ಅಂಟಿಸಿ ಒಂದೇ ಮಾದರಿಯಾಗಿ ಕಳುಹಿಸಿದ್ದೆ. ಫೋಲ್ಡರಿನ ಹೆಸರಿನಲ್ಲಿದ್ದ ಚೌಕಾವರಣವೂ ಆಗ ಮಾದರಿಯ ಭಾಗವಾಗಿ, ‘2, 0, 1, 9 ಇವುಗಳಲ್ಲಿ ಯಾವುದಾದರೂ ಒಂದು ಅಂಕಿ’ ಎಂಬ ಅರ್ಥ ಪಡೆಯಿತು. ಅಂದರೆ ಗ್ಲಾಬ್ ಹುಡುಕಿದ್ದು ‘ರಸೀದಿ 2’, ‘ರಸೀದಿ 9’ ಎಂಬಂಥ ಫೋಲ್ಡರುಗಳನ್ನು. ಅಂಟಿಸುವ ಮೊದಲು ಫೋಲ್ಡರಿನ ಹೆಸರಿನಲ್ಲಿರುವ ನಕ್ಷತ್ರ, ಪ್ರಶ್ನೆ ಚಿಹ್ನೆ, ಚೌಕಾವರಣ ಹಾಗೂ ಹಿಂದೋರೆಗೆರೆಗಳ ಮುಂದೆ ಇನ್ನೊಂದು ಹಿಂದೋರೆಗೆರೆ ಸೇರಿಸಿದರೆ ಇದು ಸರಿಹೋಗುತ್ತದೆ. ಆದರೆ ಹೊಂದಿಸಬೇಕಾದದ್ದು ಫೈಲಿನ ಹೆಸರು ಮಾತ್ರ ಎಂದಾದಾಗ, ಫೋಲ್ಡರಿನ ಹೆಸರನ್ನೂ ಮಾದರಿಯೊಳಗೆ ಎಳೆದು ತಂದು ಆಮೇಲೆ ಅದನ್ನು ರಕ್ಷಿಸಲು ಹೆಣಗುವುದು ನನಗೆ ಸರಿಕಾಣಲಿಲ್ಲ.

ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದದ್ದು. ಓದುವ ಅನುಮತಿ ಇಲ್ಲದ ಫೋಲ್ಡರ್ ಎದುರಾದರೆ ಗ್ಲಾಬ್, ನಾವು ದೋಷದ ಫ್ಲ್ಯಾಗನ್ನಾಗಲಿ (ಫ್ಲ್ಯಾಗ್ ಎಂದರೆ ಫಂಕ್ಷನ್ನಿನ ವರ್ತನೆಯನ್ನು ಬದಲಿಸುವ ಸೂಚನೆ) ದೋಷ ತಿಳಿಸುವ ಫಂಕ್ಷನ್ನನ್ನಾಗಲಿ ಕೊಡದಿದ್ದಲ್ಲಿ, ಸದ್ದಿಲ್ಲದೆ ಅದನ್ನು ದಾಟಿ ಮುಂದೆ ಹೋಗುತ್ತದೆ. ಹನ್ನೆರಡು ಸಂಪುಟಗಳಲ್ಲಿ ಹನ್ನೊಂದರ ಪುಟಗಳು ಮಾತ್ರ ಬಂದು, ಬಂದದ್ದೆಲ್ಲ ಪೂರ್ತಿಯೆಂದು ನಂಬಿ ನಾವು ಮುಂದಿನ ಹಂತಕ್ಕೆ ಹೋದದ್ದೂ ಉಂಟು. ಇದಲ್ಲದೆ ಗ್ಲಾಬ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಕೈಬಿಡುವ ಫ್ಲ್ಯಾಗ್ ಇಲ್ಲ. ನಮ್ಮ ಒಂದು ಸ್ಕ್ಯಾನರ್ ವಿಸ್ತರಣೆಯನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿಯೂ ಇನ್ನೊಂದು ಸಣ್ಣಕ್ಷರಗಳಲ್ಲಿಯೂ ಬರೆಯುತ್ತಿದ್ದುದರಿಂದ ಈ ಕೊರತೆ ದಿನವೂ ಕಾಡುತ್ತಿತ್ತು. ಅಲ್ಪವಿರಾಮದಿಂದ ಬೇರ್ಪಡಿಸಿದ ಆಯ್ಕೆಗಳನ್ನು ಪುಷ್ಪಾವರಣದಲ್ಲಿ ಕೊಡುವ ಸೌಲಭ್ಯ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಇದ್ದರೂ ಮಸ್ಲ್ ಎಂಬ ಇನ್ನೊಂದು ಸಿ ಲೈಬ್ರರಿಯಲ್ಲಿ ಇಲ್ಲ. ಮಸ್ಲ್ ಬಳಸುವ ಆಲ್ಪೈನ್ ಲಿನಕ್ಸಿನಲ್ಲಿ ಕಂಪೈಲ್ ಮಾಡಲು ಹೋದಾಗ ಅದೂ ತಿಳಿಯಿತು.

ಆಗ ಡೈರೆಕ್ಟರಿಯನ್ನು ನಾನೇ ತೆರೆದು, ಅದರೊಳಗಿನ ಹೆಸರುಗಳನ್ನು ಓದುವ ರೀಡ್‌ಡಿರ್ ಫಂಕ್ಷನ್ ಕೊಡುವ ಒಂದೊಂದು ಹೆಸರನ್ನೂ ಎಫ್‌ಎನ್‌ಮ್ಯಾಚ್‌ಗೆ ಒಪ್ಪಿಸುವ ಕ್ರಮಕ್ಕೆ ಬಂದೆ. ಎಫ್‌ಎನ್‌ಮ್ಯಾಚ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ಒಂದು ಮಾದರಿ, ಒಂದು ಹೆಸರು, ಕೆಲವು ಫ್ಲ್ಯಾಗುಗಳನ್ನು ಪಡೆದು ಎರಡೂ ಹೊಂದಿದರೆ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಈ ಸೊನ್ನೆಯ ವಿಷಯದಲ್ಲಿ ಹೊಸಬರು ಎಚ್ಚರದಿಂದ ಇರಬೇಕು: ಹೋಲಿಕೆಯನ್ನು ಬರೆಯದೆ ಕರೆಯನ್ನು ನೇರವಾಗಿ ‘ಇಫ್’ ಒಳಗೆ ಇಟ್ಟರೆ ಹೊಂದದ ಫೈಲುಗಳೆಲ್ಲ ಆಯ್ಕೆಯಾಗುತ್ತವೆ. ಫೋಲ್ಡರ್ ತೆರೆಯಲಾಗದಿದ್ದರೆ ಓಪನ್‌ಡಿರ್ ಅಲ್ಲೇ ಹೇಳುತ್ತದೆ, ಚೌಕಾವರಣದ ಫೋಲ್ಡರ್ ತೊಂದರೆ ಕೊಡುವುದಿಲ್ಲ, ಎಫ್‌ಎನ್‌ಎಂ_ಕೇಸ್‌ಫೋಲ್ಡ್ ಎಂಬ ಫ್ಲ್ಯಾಗ್ ಹಾಕಿದರೆ ಎರಡೂ ಸ್ಕ್ಯಾನರುಗಳ ಫೈಲುಗಳು ಒಂದೇ ಮಾದರಿಗೆ ಸಿಗುತ್ತವೆ. ಗ್ಲಾಬ್‌ನಿಂದ ನಾನು ಅನುಭವಿಸಿದ ಮೂರು ತೊಂದರೆಗಳೂ ಇಲ್ಲಿ ಒಮ್ಮೆಲೇ ತೀರಿದವು.

ಹಾಗೆಂದು ಗ್ಲಾಬ್ ತಾನಾಗಿಯೇ ಮಾಡುತ್ತಿದ್ದ ಕೆಲವು ಕೆಲಸಗಳು ನಮ್ಮ ತಲೆಗೆ ಬರುತ್ತವೆ. ವಿಂಗಡಣೆ ನಮ್ಮದು. ಗುಪ್ತ ಫೈಲುಗಳ ವಿಚಾರವೂ ನಮ್ಮದು: ಫ್ಲ್ಯಾಗ್ ಸೊನ್ನೆಯಾಗಿದ್ದರೆ ನಕ್ಷತ್ರವು ಮೊದಲ ಚುಕ್ಕೆಯನ್ನೂ ನುಂಗುತ್ತದೆ. ಗೆಳೆಯರೊಬ್ಬರು ಮ್ಯಾಕ್ ಯಂತ್ರದಿಂದ ಪೆನ್ ಡ್ರೈವಿಗೆ ನಕಲಿಸಿ ತಂದ ಪುಟಗಳ ಜೊತೆಗೆ, ಚುಕ್ಕೆ ಮತ್ತು ಅಡಿಗೆರೆಯಿಂದ ಆರಂಭವಾಗಿ ಅದೇ ಹೆಸರನ್ನೂ ಅದೇ ವಿಸ್ತರಣೆಯನ್ನೂ ಹೊಂದಿದ್ದ ಸಣ್ಣ ಫೈಲುಗಳು ಪುಟಕ್ಕೊಂದರಂತೆ ಬಂದಿದ್ದವು. ಅವು ಚಿತ್ರಗಳಲ್ಲ, ಮ್ಯಾಕ್ ತನ್ನ ಹೆಚ್ಚುವರಿ ಮಾಹಿತಿ ಇಡುವ ಫೈಲುಗಳು. ನನ್ನ ಪ್ರೋಗ್ರಾಮು ಅವನ್ನೂ ಪುಟಗಳೆಂದೇ ಎಣಿಸಿ ಪುಸ್ತಕದ ಗಾತ್ರವನ್ನು ಇಮ್ಮಡಿಯಾಗಿ ತೋರಿಸಿತು. ಎಫ್‌ಎನ್‌ಎಂ_ಪೀರಿಯಡ್ ಫ್ಲ್ಯಾಗ್ ಸೇರಿಸಿದೊಡನೆ ಲೆಕ್ಕ ಸರಿಯಾಯಿತು. ಬರಿಯ ಹೆಸರಿನ ಬದಲು ಇಡೀ ಹಾದಿಯನ್ನು ಹೊಂದಿಸುವವರು ಎಫ್‌ಎನ್‌ಎಂ_ಪಾತ್‌ನೇಮ್ ಫ್ಲ್ಯಾಗನ್ನೂ ಮರೆಯಬಾರದು; ಅದಿಲ್ಲದಿದ್ದರೆ ನಕ್ಷತ್ರವು ಓರೆಗೆರೆಗಳನ್ನೂ ದಾಟಿಹೋಗುತ್ತದೆ. ಡೈರೆಕ್ಟರಿ ಓದುವುದನ್ನೂ ವಿಂಗಡಿಸುವುದನ್ನೂ ಒಟ್ಟಿಗೆ ಮಾಡುವ ಸ್ಕ್ಯಾನ್‌ಡಿರ್ ಕೂಡ ಇದೆ, ಆದರೆ ಅದರ ಆಯ್ಕೆ ಫಂಕ್ಷನ್ನಿಗೆ ನಮ್ಮ ಮಾದರಿಯನ್ನು ದಾಟಿಸಲು ಆರ್ಗ್ಯುಮೆಂಟ್ ಇಲ್ಲದ ಕಾರಣ ಮಾದರಿಯನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಡಬೇಕಾಗುತ್ತದೆ. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ವರ್ಡ್‌ಎಕ್ಸ್‌ಪ್ ಎಂಬ ಫಂಕ್ಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಶೆಲ್ ಮಾಡುವ ವಿಸ್ತರಣೆಗಳನ್ನೆಲ್ಲ ಮಾಡಲು ಹೊರಡುತ್ತದೆ: ಖಾಲಿ ಜಾಗವಿರುವ ಹೆಸರನ್ನು ಎರಡು ಪದಗಳಾಗಿ ಒಡೆಯುತ್ತದೆ, ಡಬ್ಲ್ಯುಆರ್‌ಡಿಇ_ನೋಸಿಎಂಡಿ ಫ್ಲ್ಯಾಗ್ ಹಾಕದಿದ್ದರೆ ಮಾದರಿಯೊಳಗೆ ಬರೆದ ಕಮಾಂಡನ್ನು ನಿಜವಾಗಿಯೂ ನಡೆಸಿಬಿಡುತ್ತದೆ. ಹೊರಗಿನವರು ಕೊಟ್ಟ ಮಾದರಿಯನ್ನು ಇದರ ಕೈಗೆ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ರೆಜೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಷನ್, ವೈಲ್ಡ್‌ಕಾರ್ಡಿಗಿಂತ ವಿಸ್ತಾರವಾದ ಮಾದರಿ ಬರೆಯುವ ಕ್ರಮ) ಹಾದಿಯನ್ನು ಪ್ರಯತ್ನಿಸಿದ್ದು ಒಬ್ಬ ಗೆಳೆಯರ ಸಲಹೆಯಿಂದ. ವೈಲ್ಡ್‌ಕಾರ್ಡನ್ನು ರೆಜೆಕ್ಸ್ ಆಗಿ ಪರಿವರ್ತಿಸಿ, ರೆಗ್‌ಕಾಂಪ್‌ನಿಂದ ಒಮ್ಮೆ ಕಂಪೈಲ್ ಮಾಡಿ, ಪ್ರತಿ ಹೆಸರನ್ನೂ ರೆಗ್‌ಎಕ್ಸೆಕ್‌ಗೆ ಕೊಡುವುದು ಅದರ ಕ್ರಮ. ನಕ್ಷತ್ರಕ್ಕೆ ‘.*’ ಎಂದೂ ಪ್ರಶ್ನೆ ಚಿಹ್ನೆಗೆ ‘.’ ಎಂದೂ ಬದಲಿಸಿದರೆ ಮುಗಿಯಿತೆಂದು ತೋರುತ್ತದೆ. ಆದರೆ ಹೆಸರಿನಲ್ಲಿರುವ ಚುಕ್ಕೆ, ಕೂಡು ಚಿಹ್ನೆ, ಆವರಣ ಇವೆಲ್ಲಕ್ಕೂ ರೆಜೆಕ್ಸಿನಲ್ಲಿ ಬೇರೆಯೇ ಅರ್ಥವಿರುವುದರಿಂದ ಅವುಗಳ ಮುಂದೆ ಹಿಂದೋರೆಗೆರೆ ಇಡಬೇಕು. ಚೌಕಾವರಣದೊಳಗೆ ನಿಷೇಧಕ್ಕೆ ಬಳಸುವ ‘!’ ಚಿಹ್ನೆಯನ್ನು ‘^’ ಮಾಡಬೇಕು. ಮೊದಲಿಗೆ ‘^’ ಕೊನೆಗೆ ‘$’ ಸೇರಿಸಬೇಕು. ಕೊನೆಯದನ್ನು ಮರೆತದ್ದರಿಂದ ನನ್ನ ಪ್ರೋಗ್ರಾಮು ‘ಕೃಷಿ_ಪುಟ_0012.ಟಿಫ್.ಹಳೆಯದು’ ಎಂಬ ಫೈಲನ್ನೂ ಆರಿಸಿಕೊಂಡಿತ್ತು. ಇಷ್ಟೆಲ್ಲ ಸರಿಪಡಿಸಿದ ಮೇಲೆ ನನ್ನ ಬಳಿ ಉಳಿದದ್ದು, ಎಫ್‌ಎನ್‌ಮ್ಯಾಚ್ ಒಂದೇ ಸಾಲಿನಲ್ಲಿ ಮಾಡುವುದನ್ನು ನೂರಿಪ್ಪತ್ತು ಸಾಲುಗಳಲ್ಲಿ ಮಾಡುವ ಕೋಡ್. ಬಳಕೆದಾರರೇ ರೆಜೆಕ್ಸ್ ಬರೆಯಬಲ್ಲವರಾಗಿ ಅದನ್ನೇ ಕೇಳಿದರೆ ಈ ಹಾದಿ ಸರಿ. ವೈಲ್ಡ್‌ಕಾರ್ಡಿನಿಂದ ಪರಿವರ್ತಿಸಿಕೊಳ್ಳುವುದಕ್ಕಾಗಿ ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಇಷ್ಟರಲ್ಲಿ ಎಫ್‌ಎನ್‌ಮ್ಯಾಚ್ ಗೆದ್ದಂತಾಗಿತ್ತು. ಆದರೆ ಕನ್ನಡದ ಹೆಸರುಗಳ ಮುಂದೆ ಪ್ರಶ್ನೆ ಚಿಹ್ನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ‘ಕೃಷಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಓದುವವರಿಗೆ ಅದರಲ್ಲಿ ಕೃ, ಷಿ ಎಂಬ ಎರಡು ಅಕ್ಷರಗಳಿವೆ, ಆದ್ದರಿಂದ ‘?ಷಿ’ ಎಂಬ ಮಾದರಿ ಅದಕ್ಕೆ ಹೊಂದಬೇಕೆಂದು ಯಾರೂ ನಿರೀಕ್ಷಿಸುತ್ತಾರೆ. ನನ್ನ ಪ್ರೋಗ್ರಾಮಿನಲ್ಲಿ ಅದು ಹೊಂದಲಿಲ್ಲ, ‘??ಷಿ’ ಕೂಡ ಹೊಂದಲಿಲ್ಲ. ಆರು ಪ್ರಶ್ನೆ ಚಿಹ್ನೆ ಕೊಟ್ಟಾಗ ಮಾತ್ರ ಹೊಂದಿತು. ಕಾರಣವೆಂದರೆ, ಸೆಟ್‌ಲೊಕೇಲ್ ಕರೆಯದ ಸಿ ಪ್ರೋಗ್ರಾಮು ಯಾವಾಗಲೂ ‘ಸಿ’ ಲೊಕೇಲ್‌ನಲ್ಲಿ (ಲೊಕೇಲ್ ಎಂದರೆ ಭಾಷೆ, ಅಕ್ಷರ ಸಂಕೇತಗಳ ಹೊಂದಾಣಿಕೆ) ಆರಂಭವಾಗುತ್ತದೆ ಮತ್ತು ಗ್ಲಿಬ್‌ಸಿಯ ಎಫ್‌ಎನ್‌ಮ್ಯಾಚ್ ಅಲ್ಲಿ ಒಂದು ಬೈಟನ್ನೇ ಒಂದು ಅಕ್ಷರವೆಂದು ಎಣಿಸುತ್ತದೆ. ‘ಕ’ಕ್ಕೆ 3 ಬೈಟ್, ವಟ್ರಸುಳಿಗೆ 3 ಬೈಟ್, ಒಟ್ಟು ಆರು. ಮೇನ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಸೆಟ್‌ಲೊಕೇಲ್ ಕರೆದು, ಯಂತ್ರದ ಯುಟಿಎಫ್-8 ಲೊಕೇಲನ್ನು ಜಾರಿಗೆ ತಂದ ಮೇಲೆ ‘??ಷಿ’ ಹೊಂದಿತು. ಈಗ ಪ್ರಶ್ನೆ ಚಿಹ್ನೆ ಒಂದು ಬೈಟಿಗಲ್ಲದೆ ಒಂದು ಯುನಿಕೋಡ್ ಬಿಂದುವಿಗೆ ಸಮವಾಗಿತ್ತು. ವ್ಯಂಜನ ಒಂದು, ವಟ್ರಸುಳಿ ಒಂದು.

ಆದರೂ ಅದು ನಮ್ಮ ಅಕ್ಷರವಲ್ಲ. ‘ಕ್ಷ’ ಎಂಬ ಒಂದು ಒತ್ತಕ್ಷರಕ್ಕೆ ಮೂರು ಪ್ರಶ್ನೆ ಚಿಹ್ನೆ ಬೇಕು. ಚೌಕಾವರಣದ ಪಾಡು ಇನ್ನೂ ಕಷ್ಟ: ‘[ಕಾಗಿ]’ ಎಂದು ಬರೆದವರ ಮನಸ್ಸಿನಲ್ಲಿ ‘ಕಾ ಅಥವಾ ಗಿ’ ಎಂದಿದ್ದರೂ, ಫಂಕ್ಷನ್ನಿಗೆ ಕಾಣುವುದು ಕ, ಇಳಿ, ಗ, ಗುಡಿಸು ಎಂಬ ನಾಲ್ಕು ಬಿಡಿ ಚಿಹ್ನೆಗಳಲ್ಲಿ ಯಾವುದಾದರೂ ಒಂದು. ಗ್ಲಾಬ್, ರೆಜೆಕ್ಸ್ ಎರಡೂ ಇದೇ ರೀತಿ ವರ್ತಿಸುತ್ತವೆ.

ಸ್ವಂತ ಲೂಪ್ ಬರೆಯಲು ತೊಡಗಿದ್ದು ಈ ಕಾರಣಕ್ಕೆ. ಮೊದಲು ಬರೆದದ್ದು, ನಕ್ಷತ್ರ ಕಂಡಾಗಲೆಲ್ಲ ಹೆಸರಿನ ಉಳಿದ ಪ್ರತಿಯೊಂದು ಸ್ಥಾನದಿಂದಲೂ ತನ್ನನ್ನೇ ಮತ್ತೆ ಕರೆದುಕೊಳ್ಳುವ ಫಂಕ್ಷನ್. ನೋಡಲು ಅಂದವಾಗಿತ್ತು, ಹದಿನೈದು ಸಾಲು ದಾಟಿರಲಿಲ್ಲ. ಆದರೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಉದ್ದನೆಯ ಹೆಸರಿಗೆ, ಅದೇ ಅಕ್ಷರದ ನಡುನಡುವೆ ಎಂಟು ಹತ್ತು ನಕ್ಷತ್ರಗಳಿದ್ದು ಕೊನೆಯ ಅಕ್ಷರ ಮಾತ್ರ ಬೇರೆಯಾದ ಮಾದರಿಯನ್ನು ಕೊಟ್ಟಾಗ, ಪ್ರೋಗ್ರಾಮು ನಿಂತೇಹೋದಂತೆ ಕಂಡಿತು. ನಕ್ಷತ್ರಗಳು ಹೆಚ್ಚಿದಂತೆ ಪ್ರಯತ್ನಿಸಬೇಕಾದ ಹಾದಿಗಳು ಗುಣಾಕಾರದಲ್ಲಿ ಬೆಳೆಯುತ್ತವೆ. ನಿಜವಾಗಿ ಅಷ್ಟು ಹಿಂದೆ ಹೋಗುವ ಅಗತ್ಯವೇ ಇಲ್ಲ. ಹೊಸ ನಕ್ಷತ್ರವೊಂದನ್ನು ತಲುಪಿದ ಮೇಲೆ ಹಿಂದಿನ ನಕ್ಷತ್ರ ಎಷ್ಟು ನುಂಗಿತ್ತೆಂಬುದು ಫಲಿತಾಂಶವನ್ನು ಬದಲಿಸುವುದಿಲ್ಲವಾದ್ದರಿಂದ, ಕೊನೆಯ ನಕ್ಷತ್ರದ ಸ್ಥಾನವನ್ನೂ ಅದು ಹೆಸರಿನಲ್ಲಿ ಎಲ್ಲಿಯವರೆಗೆ ನುಂಗಿದೆ ಎಂಬುದನ್ನೂ ಎರಡು ವೇರಿಯಬಲ್‌ಗಳಲ್ಲಿ ನೆನಪಿಟ್ಟು, ಹೊಂದದಿದ್ದಾಗ ಒಂದಕ್ಷರ ಹೆಚ್ಚಿಗೆ ನುಂಗಿಸಿ ಅಲ್ಲಿಂದಲೇ ಮುಂದುವರಿದರೆ ಸಾಕು. ಹಾಗೆ ತಿದ್ದಿದ ಮೇಲೆ ಅದೇ ಮಾದರಿಗೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ಈ ಲೂಪಿನಲ್ಲಿ ‘ಒಂದಕ್ಷರ ಮುಂದೆ ಹೋಗು’ ಎಂಬ ಹೆಜ್ಜೆಯನ್ನು ಬೇರೆ ಫಂಕ್ಷನ್ನಾಗಿ ಇಟ್ಟೆ. ಅದು ಸ್ವರವನ್ನೋ ವ್ಯಂಜನವನ್ನೋ ಓದಿದ ಮೇಲೆ, ಹಲಂತದ ಹಿಂದೆಯೇ ಇನ್ನೊಂದು ವ್ಯಂಜನ ಇದ್ದರೆ ಅದನ್ನೂ ಸೇರಿಸಿಕೊಂಡು, ಬಳಿಕ ಬರುವ ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗಗಳನ್ನೂ ಎತ್ತಿಕೊಂಡು ನಿಲ್ಲುತ್ತದೆ. ‘ಟಿಫ್’ ಎಂಬಲ್ಲಿ ಕೊನೆಯ ಹಲಂತವು ‘ಫ’ಕಾರದ ಜೊತೆಗೇ ಉಳಿಯಬೇಕು. ಸಾಫ್ಟ್‌ವೇರ್ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಹಲಂತದ ಬಳಿಕ ಹಾಕುವ, ಕಣ್ಣಿಗೆ ಕಾಣದ ಚಿಹ್ನೆಯನ್ನು ಕಂಡಾಗ ಅಕ್ಷರ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಕು. ಇವುಗಳನ್ನು ಸರಿಯಾಗಿ ಬರೆಯಲು ಎರಡು ಭಾನುವಾರಗಳು ಹಿಡಿದವು. ‘?ಷಿ’ ಎಂಬ ಮಾದರಿಗೆ ‘ಕೃಷಿ’ ಕೊನೆಗೂ ಹೊಂದಿದಾಗ ನನಗಾದ ಸಂತೋಷವನ್ನು ಮರೆಮಾಚಲಾರೆ.

ಈ ಲೂಪಿಗೆ ಇನ್ನೊಂದು ಉಪಯೋಗವೂ ಒದಗಿತು. ವಿಂಡೋಸ್‌ನ ಸಿ ಲೈಬ್ರರಿಯಲ್ಲಿ ಎಫ್‌ಎನ್‌ಮ್ಯಾಚ್ ಇಲ್ಲ. ಅಲ್ಲಿ ಫೈಲುಗಳನ್ನು ಹುಡುಕುವ ಫೈಂಡ್‌ಫಸ್ಟ್‌ಫೈಲ್ ಫಂಕ್ಷನ್, ಫೈಲಿನ ಹಳೆಯ 8.3 ಗಿಡ್ಡ ಹೆಸರನ್ನೂ (ಎಂಟಕ್ಷರದ ಹೆಸರು, ಮೂರಕ್ಷರದ ವಿಸ್ತರಣೆ) ಹೊಂದಿಸಿ ನೋಡುವುದರಿಂದ, ಮೂರಕ್ಷರದ ವಿಸ್ತರಣೆ ಕೇಳಿದರೆ ನಾಲ್ಕಕ್ಷರದ್ದೂ ಕೆಲವೊಮ್ಮೆ ಬಂದುಬಿಡುತ್ತದೆ. ಎಲ್ಲ ಹೆಸರುಗಳನ್ನೂ ತರಿಸಿಕೊಂಡು ನಮ್ಮ ಲೂಪಿನಿಂದಲೇ ಸೋಸುವುದು ಅಲ್ಲಿ ನಂಬಿಕೆಗೆ ಹೆಚ್ಚು ಅರ್ಹ.

ಸದ್ಯ ಪ್ರೋಗ್ರಾಮಿನಲ್ಲಿ ಮೂರು ವಿಧಾನಗಳು ಉಳಿದಿವೆ. ಸಂರಚನೆಯ ಫೈಲುಗಳನ್ನು ಹುಡುಕಲು ಗ್ಲಾಬ್ ಇದೆ, ಏಕೆಂದರೆ ಅಲ್ಲಿ ಹಾದಿಯೂ ಮಾದರಿಯೂ ನಾನೇ ಬರೆದಿಟ್ಟವು. ಬಳಕೆದಾರರು ಕೊಡುವ ಮಾದರಿಗೆ ರೀಡ್‌ಡಿರ್ ಜೊತೆ ಎಫ್‌ಎನ್‌ಮ್ಯಾಚ್ ಇದೆ. ಅಕ್ಷರದ ಲೆಕ್ಕದಲ್ಲಿ ಹೊಂದಿಸಬೇಕೆಂದು ಕೇಳಿದವರಿಗೆ ಮಾತ್ರ ಸ್ವಂತ ಲೂಪ್ ಓಡುತ್ತದೆ.

ಕಳೆದ ತಿಂಗಳು ಬೇರೆ ಯಂತ್ರದಿಂದ ಬಂದ ಡಿಸ್ಕಿನಲ್ಲಿ ‘ಕೊಡಗು_001.ಟಿಫ್’ ಎಂಬ ಹೆಸರಿನ ಎರಡು ಫೈಲುಗಳು ಒಂದೇ ಫೋಲ್ಡರಿನಲ್ಲಿ ಕಂಡವು, ಮತ್ತು ‘ಕೊಡಗು*’ ಎಂಬ ಮಾದರಿ ಅವುಗಳಲ್ಲಿ ಒಂದಕ್ಕೆ ಮಾತ್ರ ಹೊಂದಿತು. ಹೆಸರುಗಳ ಬೈಟುಗಳನ್ನು ಮುದ್ರಿಸಿ ನೋಡಿದಾಗ ಒಂದರಲ್ಲಿ ಒತ್ವವು ಒಂದೇ ಚಿಹ್ನೆಯಾಗಿಯೂ, ಇನ್ನೊಂದರಲ್ಲಿ ಎತ್ವ ಹಾಗೂ ಅದರ ಮುಂದಿನ ದೀರ್ಘದ ಕೊಂಬು ಎಂಬ ಎರಡು ಚಿಹ್ನೆಗಳಾಗಿಯೂ ಇತ್ತು. ಯುನಿಕೋಡ್ ಇವೆರಡನ್ನೂ ಸಮಾನವೆಂದು ಪರಿಗಣಿಸುತ್ತದೆ. ಲಿನಕ್ಸಿನ ಫೈಲ್ ವ್ಯವಸ್ಥೆಯಾಗಲಿ ಎಫ್‌ಎನ್‌ಮ್ಯಾಚ್ ಆಗಲಿ ಹಾಗೆ ಪರಿಗಣಿಸುವುದಿಲ್ಲ. ಈಗ ಮಾದರಿಯನ್ನೂ ಹೆಸರನ್ನೂ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸುತ್ತೇನೆ, ಡಿಸ್ಕಿನಲ್ಲಿರುವ ಹೆಸರನ್ನು ಮಾತ್ರ ಇದ್ದಂತೆಯೇ ಬಿಡುತ್ತೇನೆ. ಫೈಲನ್ನು ತೆರೆಯಲು ಆ ಮೂಲ ಬೈಟುಗಳೇ ಬೇಕು.